ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಭಾಷೆಯಲ್ಲಿ ಕರುಳು ಎಂಬ ಮಾತಿಗೆ ಎರಡು ದುಡಿಮೆ. ಉಂಡ ಅನ್ನ ಇಳಿದುಹೋಗುವ ದಾರಿಯೂ ಕರುಳೇ, ಮಗು ಬಿದ್ದು ಮೊಣಕಾಲು ತರಚಿಕೊಂಡಾಗ ತಾಯಿಯ ಒಳಗೆ ಚುರ್ ಎನ್ನುವುದೂ ಕರುಳೇ. ಹೆತ್ತ ಕರುಳು, ಕರುಳ ಕುಡಿ, ಕರುಳ ಬಳ್ಳಿ ಎಂದೆಲ್ಲ ಹೇಳಿಕೊಂಡು ಬಂದ ನಮ್ಮ ಹಿರಿಯರು ಮಮತೆಯ ಮಟ್ಟಿಗೆ ಹೃದಯಕ್ಕಿಂತ ಕರುಳನ್ನೇ ಹೆಚ್ಚು ನಂಬಿದವರು. ಹೀಗಾಗಿ ಒಂದು ಮಗುವಿನ ಕರುಳಿಗೇ ರೋಗ ಬಂದರೆ ಜನ ಮೊದಲು ತಿರುಗಿ ನೋಡುವುದು ತಾಯಿಯ ಕಡೆಗೆ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಕಳೆದ ಒಂದೂವರೆ ವರ್ಷದಿಂದ ನನ್ನ ಮಗಳ ಮನೆಯಲ್ಲಿ ನೋಡುತ್ತಿದ್ದೇನೆ.

ಮೊಮ್ಮಗನಿಗೆ ಈಗ ಐದು ತುಂಬಿ ಎರಡು ತಿಂಗಳು. ಮೂರೂವರೆ ವರ್ಷದವನಿದ್ದಾಗ ಭೇದಿ ಶುರುವಾಯಿತು. ಮಕ್ಕಳಿಗೆ ಭೇದಿಯಾಗುವುದು ಹೊಸತೇನಲ್ಲ. ಆಮಶಂಕೆ ಎಂದು ಔಷಧಿ ಕೊಟ್ಟರು, ಜಂತುಹುಳುವಿಗೆ ಕೊಟ್ಟರು, ರಕ್ತ ಕಡಿಮೆ ಎಂದು ಕಬ್ಬಿಣದ ಟಾನಿಕ್ ಕೊಟ್ಟರು. ಪ್ರತಿ ಸಲವೂ ಹತ್ತು ದಿನ ವಾಸಿಯಾದಂತೆ ಕಂಡು ಹನ್ನೊಂದನೆಯ ದಿನ ಮತ್ತೆ ಅದೇ. ಮಲದಲ್ಲಿ ರಕ್ತ, ಲೋಳೆ. ನಡುರಾತ್ರಿ ಎದ್ದು ಹೊಟ್ಟೆ ಹಿಡಿದುಕೊಂಡು ಓಡುವುದು. ತೂಕ ಹದಿಮೂರು ಕಿಲೋದಲ್ಲಿ ನಿಂತುಬಿಟ್ಟಿತು. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಹೊಟ್ಟೆಯ ತಜ್ಞರು ಅರಿವಳಿಕೆ ಕೊಟ್ಟು, ಕೊಳವೆ ಹಾಕಿ ಕರುಳನ್ನು ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ‘ಇನ್‌ಫ್ಲಮೇಟರಿ ಬವೆಲ್ ಡಿಸೀಸ್ ಇರಬಹುದು’ ಎಂದರು. ಉರಿಯೂತದ ಕರುಳುಬೇನೆ ಎಂದು ಕನ್ನಡದಲ್ಲಿ ಹೇಳಿಕೊಳ್ಳೋಣ. ಹೆಸರೇನೋ ಉದ್ದವಾಗಿದೆ. ಆದರೆ ನನ್ನ ಮಗಳು ಅಳಿಯ ಇಬ್ಬರೂ ಆವತ್ತಿನಿಂದ ಬದುಕುತ್ತಿರುವುದು ಅದರ ಕೊನೆಯ ಪದದಲ್ಲಿ: ‘ಇರಬಹುದು’.

ಆ ಪದ ಮನೆಗೆ ಬಂದ ಕೂಡಲೇ ನೆಂಟರು ಬಂದರು. ಕೆಲಸಕ್ಕೆ ಹೋಗುವ ಹುಡುಗಿ, ಎದೆಹಾಲು ಬೇಗ ಬಿಡಿಸಿದಳು ಎಂದರು ಒಬ್ಬರು. ಬಿಸ್ಕತ್ತು, ಮ್ಯಾಗಿ ಎಂದರು ಇನ್ನೊಬ್ಬರು. ಬಸುರಿಯಲ್ಲಿ ಕಣ್ಣೀರು ಹಾಕಿದ್ದಳಂತೆ, ಅದು ಮಗುವಿನ ಹೊಟ್ಟೆಗೆ ಇಳಿದಿದೆ ಎಂದು ಕಂಡುಹಿಡಿದವರೂ ಇದ್ದಾರೆ. ಸರ್ಪದೋಷ, ದೃಷ್ಟಿ ಇತ್ಯಾದಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವುಗಳಲ್ಲಿ ಕೊನೆಯ ಪಕ್ಷ ತಾಯಿಯ ತಪ್ಪಿಲ್ಲ. ಅಳಿಯನನ್ನು ಯಾರೂ ಏನೂ ಕೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಮಗುವಿನ ಚಡ್ಡಿ, ಹಾಸಿಗೆಬಟ್ಟೆ ಒಗೆಯುವವನು ಅವನೇ. ತನ್ನನ್ನು ಯಾರೂ ಬೈಯುವುದಿಲ್ಲವಲ್ಲ ಎಂಬುದೇ ಅವನಿಗೆ ಒಂದು ಅವಮಾನವಾಗಿತ್ತು.

ನಾನು ಮೂವತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳು. ವೈದ್ಯಶಾಸ್ತ್ರ ನನಗೆ ತಿಳಿಯದು. ಆದರೆ ಯಾವುದೇ ಸಂಕಟ ಬಂದರೂ ‘ಇದು ಯಾವಾಗ ಶುರುವಾಯಿತು?’ ಎಂದು ಕೇಳುವುದು ನಮ್ಮ ಕಸುಬಿನವರ ಚಾಳಿ. ಓದುತ್ತಾ ಹೋದೆ. ಈ ಕಾಯಿಲೆ ವೈದ್ಯರ ಬರಹಗಳಲ್ಲಿ ಮೊದಲು ಹೆಸರು ಪಡೆದದ್ದೇ ಒಂದು ಕೊಲೆ ಮೊಕದ್ದಮೆಯಲ್ಲಿ ಎಂಬುದನ್ನು ತಿಳಿದಾಗ, ನೆಂಟರ ಮೇಲಿನ ನನ್ನ ಸಿಟ್ಟು ಕಡಿಮೆಯಾಗದಿದ್ದರೂ ಆಶ್ಚರ್ಯ ಕಡಿಮೆಯಾಯಿತು.

1859ರ ಇಂಗ್ಲೆಂಡ್. ನಮ್ಮಲ್ಲಿ ಸಿಪಾಯಿದಂಗೆಯ ಬೂದಿ ಇನ್ನೂ ಆರಿರಲಿಲ್ಲ. ಲಂಡನ್ನಿನ ಪಕ್ಕದ ರಿಚ್‌ಮಂಡ್‌ನಲ್ಲಿ ಇಸಬೆಲಾ ಬ್ಯಾಂಕ್ಸ್ ಎಂಬ ನಲವತ್ತು ದಾಟಿದ ಹೆಂಗಸು ವಾಂತಿಭೇದಿಯಿಂದ ವಾರಗಟ್ಟಲೆ ಸೊರಗಿ, ಮೇ 3ರಂದು ಸತ್ತಳು. ಅವಳ ಜೊತೆಗಿದ್ದವನು ಥಾಮಸ್ ಸ್ಮೆತರ್ಸ್ಟ್, ಸ್ವತಃ ವೈದ್ಯ. ಮೊದಲ ಹೆಂಡತಿ ಬದುಕಿರುವಾಗಲೇ ಇಸಬೆಲಾಳನ್ನು ಗುಟ್ಟಾಗಿ ಮದುವೆಯಾಗಿದ್ದ; ಸಾಯುವ ಮೊದಲು ಅವಳು ಬರೆದ ಉಯಿಲು ಅವನ ಹೆಸರಿಗಿತ್ತು. ಇಷ್ಟು ಸಾಲದೆ ಜನಕ್ಕೆ? ವಿಷ ಹಾಕಿದ್ದಾನೆ ಎಂದು ಹಿಡಿದರು. ಆ ಕಾಲದ ಹೆಸರಾಂತ ವಿಷಶಾಸ್ತ್ರಜ್ಞ ಆಲ್‌ಫ್ರೆಡ್ ಸ್ವೇನ್ ಟೇಲರ್ ಮನೆಯಲ್ಲಿದ್ದ ಒಂದು ಬಾಟಲಿಯಲ್ಲಿ ಪಾಷಾಣ ಸಿಕ್ಕಿತು ಎಂದರು. ಆಮೇಲೆ ನೋಡಿದರೆ ಪಾಷಾಣವಿದ್ದದ್ದು ಅವರು ಪರೀಕ್ಷೆಗೆ ಬಳಸಿದ ತಾಮ್ರದಲ್ಲಿಯೇ! ಅದನ್ನು ಅವರು ನ್ಯಾಯಾಲಯದಲ್ಲಿ ಒಪ್ಪಿಕೊಂಡರೂ ಜ್ಯೂರಿ ಅವನನ್ನು ಅಪರಾಧಿ ಎಂದಿತು; ಆಗಸ್ಟ್‌ನಲ್ಲಿ ಗಲ್ಲುಶಿಕ್ಷೆ ವಿಧಿಸಲಾಯಿತು.

ಈ ಗದ್ದಲದ ನಡುವೆ ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯರು ಸತ್ತವಳ ಕರುಳನ್ನು ನೋಡಿದ್ದರು. ಕಂಡದ್ದನ್ನು ಅವರು ಅದೇ ವರ್ಷ ಒಂದು ವೈದ್ಯಕೀಯ ಪತ್ರಿಕೆಗೆ ಬರೆದರು: ಉರಿಯೂತ, ಹುಣ್ಣು, ಸಣ್ಣಕರುಳಿನ ಕೊನೆಯಿಂದ ದೊಡ್ಡಕರುಳಿನವರೆಗೆ. ‘ಅಲ್ಸರೇಟಿವ್ ಕೊಲೈಟಿಸ್’, ಅಂದರೆ ದೊಡ್ಡಕರುಳಿನ ಹುಣ್ಣು ಎಂಬ ಹೆಸರು ವೈದ್ಯಸಾಹಿತ್ಯದಲ್ಲಿ ಮೊದಲು ಕಾಣಿಸಿಕೊಂಡದ್ದು ಇಲ್ಲಿ ಎಂದು ಹೇಳುತ್ತಾರೆ. ಅದನ್ನು ಇಂದು ಓದಿದ ತಜ್ಞರಲ್ಲಿ ಹಲವರು, ಅವಳಿಗಿದ್ದದ್ದು ಈಗ ಕ್ರೋನ್ಸ್ ಎನ್ನುವ ಕಾಯಿಲೆಯೇ ಇರಬೇಕು ಎನ್ನುತ್ತಾರೆ. ವೈದ್ಯರ ಗುಂಪೊಂದು ತೀರ್ಪನ್ನು ಪ್ರಶ್ನಿಸಿತು. ಗೃಹಮಂತ್ರಿಗಳು ಹಿರಿಯ ಶಸ್ತ್ರವೈದ್ಯ ಬೆಂಜಮಿನ್ ಬ್ರೋಡಿಯವರ ಅಭಿಪ್ರಾಯ ಕೇಳಿದರು. ಸ್ಮೆತರ್ಸ್ಟ್‌ಗೆ ಕ್ಷಮಾದಾನ ಸಿಕ್ಕಿತು. ಎರಡು ಮದುವೆಯಾದ ತಪ್ಪಿಗೆ ಮಾತ್ರ ಒಂದು ವರ್ಷ ಜೈಲು. ಆತ ಒಳ್ಳೆಯ ಮನುಷ್ಯನೇನಲ್ಲ, ಅವನ ಪರವಾಗಿ ನಾನು ವಕಾಲತ್ತು ಹಾಕುತ್ತಿಲ್ಲ. ಆದರೆ ಹೆಸರಿಲ್ಲದ ಒಂದು ಬೇನೆ ಹೊಟ್ಟೆಯೊಳಗೆ ಕೂತಿರುವಾಗ ಹಾಸಿಗೆಯ ಪಕ್ಕದಲ್ಲಿ ಗಂಜಿ ಹಿಡಿದು ಕೂತವನ ಕತ್ತಿಗೆ ಹಗ್ಗ ಬಂದದ್ದು ಹೇಗೆಂಬುದನ್ನು ನೋಡಿ.

ಆಮೇಲಿನ ಎಪ್ಪತ್ತು ಚಿಲ್ಲರೆ ವರ್ಷಗಳ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1913ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಕೆನೆಡಿ ಡಾಲ್ಝಿಯಲ್ ಒಂಬತ್ತು ರೋಗಿಗಳ ಬಗ್ಗೆ ಬರೆದರು. ಕರುಳು ದಪ್ಪಗಟ್ಟಿ ಸತ್ತ ಹಾವುಮೀನಿನಂತೆ ಸೆಟೆದುಕೊಂಡಿತ್ತು ಎಂಬುದು ಅವರ ವರ್ಣನೆ. ದನಗಳಿಗೆ ಬರುವ ಯೋನೆ ಕಾಯಿಲೆಗೂ ಇದಕ್ಕೂ ಬಹಳ ಹೋಲಿಕೆ ಕಂಡರೂ ದನಗಳಲ್ಲಿ ಸಿಗುವ ರೋಗಾಣು ಮನುಷ್ಯರಲ್ಲಿ ಅವರಿಗೆ ಸಿಗಲಿಲ್ಲ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಮೂವರೂ ಹದಿನಾಲ್ಕು ರೋಗಿಗಳ ವಿವರ ಕೊಟ್ಟು ಇದೊಂದು ಪ್ರತ್ಯೇಕ ಕಾಯಿಲೆ ಎಂದು ನಿಲ್ಲಿಸಿದರು. ಹೆಸರುಗಳು ಅಕಾರಾದಿಯಾಗಿ ಅಚ್ಚಾದದ್ದರಿಂದ ಕ್ರೋನ್ ಮೊದಲು ಬಂದು ಕಾಯಿಲೆಗೆ ಅವರ ಹೆಸರೇ ಅಂಟಿತು. ರೋಗಿಗಳ ಶಸ್ತ್ರಚಿಕಿತ್ಸೆ ಮಾಡಿದ್ದ ಬರ್ಗ್ ಎಂಬುವರು, ಲೇಖನ ಬರೆದವನು ನಾನಲ್ಲ, ನನ್ನ ಹೆಸರು ಬೇಡ ಎಂದರಂತೆ. ಬೇಕು ಎಂದಿದ್ದರೆ ಇದು ಬರ್ಗ್ ಕಾಯಿಲೆಯಾಗುತ್ತಿತ್ತು! ನಮ್ಮ ಹಾಜರಿ ಪುಸ್ತಕದಲ್ಲೂ ಹೀಗೆಯೇ, ‘ಅ’ದಿಂದ ಹೆಸರು ಶುರುವಾಗುವ ಹುಡುಗನೇ ಎಲ್ಲದಕ್ಕೂ ಮೊದಲು ಸಿಗುವುದು.

ಇನ್ನೊಂದು ಸಣ್ಣ ಸಂಗತಿ. ಸಣ್ಣಕರುಳಿನ ಕೊನೆಯ ಭಾಗಕ್ಕೆ ಬರುವುದರಿಂದ ಅವರು ಮೊದಲು ಇಟ್ಟುಕೊಂಡಿದ್ದ ಹೆಸರಿನಲ್ಲಿ ‘ಟರ್ಮಿನಲ್’ ಎಂಬ ಪದವಿತ್ತು. ಕೇಳಿದ ರೋಗಿಗಳು ಸಾವು ಬಂತೆಂದು ಹೆದರಿಯಾರು ಎಂದು ಅದನ್ನು ‘ರೀಜನಲ್’ ಎಂದು ಬದಲಿಸಿದರು. ಹೆಸರಿಡುವಾಗ ಕೇಳುವವರ ಎದೆಬಡಿತವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆ ಜನರ ಮೇಲೆ ನನಗೆ ಗೌರವ ಮೂಡಿತು.

ಕ್ರೋನ್ ಮತ್ತು ಜೊತೆಗಾರರಿಗೆ ಮುಂಚೆ ಇಂಥ ಕರುಳನ್ನು ಕಂಡ ವೈದ್ಯರು ಬಹುಮಟ್ಟಿಗೆ ಕ್ಷಯ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಕ್ಷಯವೂ ಕೂತುಕೊಳ್ಳುವುದು ಸಣ್ಣಕರುಳು ದೊಡ್ಡಕರುಳು ಕೂಡುವ ಅದೇ ಮೂಲೆಯಲ್ಲಿ. ಹುಣ್ಣು, ಗಂಟು, ಕರುಳಿನ ಸಂಕೋಚ, ಸಣ್ಣ ಜ್ವರ, ತೂಕದ ಇಳಿತ ಎಲ್ಲ ಒಂದೇ ಬಗೆ. ಪಶ್ಚಿಮದಲ್ಲಿ ಕ್ಷಯ ಅಪರೂಪವಾದ ಮೇಲೆ ಈ ಗೊಂದಲ ಅವರ ಪಾಲಿಗೆ ಚರಿತ್ರೆಯಾಯಿತು. ನಮ್ಮಲ್ಲಿ ಅದು ಚರಿತ್ರೆಯಾಗಿಲ್ಲ. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಟಂಡನ್ ಮತ್ತು ಪ್ರಕಾಶ್ ಇದೇ ವಿಷಯದ ಮೇಲೆ, ಕರುಳಿನ ಕ್ಷಯವನ್ನು ಕ್ರೋನ್ಸ್‌ನಿಂದ ಬೇರ್ಪಡಿಸುವುದು ಹೇಗೆ ಎಂದು 1972ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಬರೆದರು. ಸೂಕ್ಷ್ಮದರ್ಶಕದಲ್ಲಿ ಕ್ಷಯದ ಗಂಟುಗಳು ದೊಡ್ಡವು, ಒಂದಕ್ಕೊಂದು ಕೂಡಿಕೊಂಡವು, ನಡುವೆ ಗಿಣ್ಣಿನಂತೆ ಕೊಳೆತದ್ದು ಇರಬಹುದು. ಕ್ರೋನ್ಸ್‌ನವು ಚಿಕ್ಕವು, ಬಿಡಿಬಿಡಿ. ಹೀಗೆ ಬರೆಯುವುದು ಸುಲಭ. ಆದರೆ ಅಕ್ಕಿಕಾಳಿನಷ್ಟೂ ಇಲ್ಲದ ಚೂರಿನಲ್ಲಿ ಅದು ಸಿಗಬೇಕಲ್ಲ!

ನಮ್ಮ ಹುಡುಗನ ಚೂರಿನಲ್ಲಿ ಗಂಟು ಸಿಕ್ಕಿತು, ಕೊಳೆತದ್ದು ಸಿಗಲಿಲ್ಲ, ಕ್ಷಯದ ರೋಗಾಣುವಿನ ಪರೀಕ್ಷೆಯಲ್ಲಿ ಇಲ್ಲ ಎಂದು ಬಂತು. ಇಲ್ಲ ಎಂದು ಬಂದರೂ ಇಲ್ಲವೆನ್ನುವ ಹಾಗಿಲ್ಲ ಎಂದರು ವೈದ್ಯರು. ಅವರ ಇಕ್ಕಟ್ಟನ್ನು ಅವರು ನಮಗೆ ಬಿಡಿಸಿ ಹೇಳಿದ ರೀತಿ ನನಗೆ ಮೆಚ್ಚುಗೆಯಾಯಿತು. ಕ್ರೋನ್ಸ್ ಎಂದು ಭಾವಿಸಿ ಸ್ಟೆರಾಯ್ಡ್ ಕೊಟ್ಟರೆ, ಒಳಗಿರುವುದು ಕ್ಷಯವಾಗಿದ್ದ ಪಕ್ಷದಲ್ಲಿ ಅದು ಕಾಡುಗಿಚ್ಚಾಗಿ ಹಬ್ಬಬಹುದು. ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಗುಳಿಗೆ ಕೊಟ್ಟರೆ, ಒಳಗಿರುವುದು ಕ್ರೋನ್ಸ್ ಆಗಿದ್ದ ಪಕ್ಷದಲ್ಲಿ ಬೆಳೆಯುವ ಮಗುವಿನ ಅಷ್ಟು ಕಾಲ ವ್ಯರ್ಥವಾಗುತ್ತದೆ. ಎರಡು ಕೇಡಿನಲ್ಲಿ ಮೊದಲನೆಯದು ದೊಡ್ಡದು. ಆದ್ದರಿಂದ ಕ್ಷಯದ ಔಷಧಿ ಕೊಟ್ಟು, ಎರಡು ಮೂರು ತಿಂಗಳಲ್ಲಿ ಮತ್ತೆ ಕೊಳವೆ ಹಾಕಿ ನೋಡುವುದು. ಹುಣ್ಣು ಮಾಯ್ದಿದ್ದರೆ ಕ್ಷಯ, ಇಲ್ಲದಿದ್ದರೆ ಮತ್ತೊಂದು. ನಮ್ಮ ದೇಶದ ಎಷ್ಟೋ ಮನೆಗಳು ಈ ದಾರಿಯಲ್ಲೇ ನಡೆದಿವೆ. ಔಷಧಿಯೇ ಪರೀಕ್ಷೆ. ಮಗುವಿನ ಮೂತ್ರ ಆ ಗುಳಿಗೆಯಿಂದ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅವನಿಗೆ ಅದೊಂದು ಖುಷಿ. ಬಂದವರಿಗೆಲ್ಲ ‘ನಾನು ಬಣ್ಣ ಮಾಡ್ತೀನಿ’ ಎಂದು ಹೇಳುತ್ತಿದ್ದ.

ಕ್ಷಯವಿರಬಹುದು ಎಂದಾಗ ನೆಂಟರ ದೂರು ಸ್ವಲ್ಪ ತಣ್ಣಗಾಯಿತು. ರೋಗಾಣು ಎಂಬ ಹೊರಗಿನ ಶತ್ರು ಒಬ್ಬ ಸಿಕ್ಕಿದನಲ್ಲ! ಕ್ರೋನ್ಸ್ ಎಂದರೆ ಅಂಥ ಶತ್ರುವಿಲ್ಲ. ದೇಹದ ರಕ್ಷಣೆಯ ಸೈನ್ಯವೇ ತಪ್ಪುತಿಳಿದು ಸ್ವಂತ ಕರುಳಿನ ಮೇಲೆ ಏರಿಹೋಗುತ್ತದೆ. ಹುಟ್ಟಿನಿಂದ ಬಂದ ಗುಣ, ಕರುಳಿನಲ್ಲಿ ವಾಸಿಸುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು, ಬದಲಾದ ಪರಿಸರ ಎಲ್ಲ ಕೂಡಿ ಆಗುವುದು ಎಂದು ಇಂದು ತಿಳಿದಿದೆ. ಒಂದೇ ಕಾರಣ ತೋರಿಸಿ ಎಂದರೆ ತೋರಿಸಲಾಗದು. ಈ ಖಾಲಿ ಜಾಗದಲ್ಲೇ ಇಪ್ಪತ್ತನೆಯ ಶತಮಾನದ ನಡುಭಾಗದ ಅಮೆರಿಕದ ಕೆಲವು ಪಂಡಿತರು ತಾಯಿಯನ್ನು ತಂದು ಕೂರಿಸಿದರು.

ಈ ಅಧ್ಯಾಯವನ್ನು ಓದುವಾಗ ನನಗೆ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬರಬೇಕಾಯಿತು. 1930ರಲ್ಲಿ ನ್ಯೂಯಾರ್ಕಿನ ಸೆಸಿಲ್ ಮರ್ರೆ ಎಂಬ ವೈದ್ಯರು ರಕ್ತಭೇದಿಯ ಕೆಲವು ರೋಗಿಗಳನ್ನು ಮಾತಾಡಿಸಿ, ಈ ಹುಣ್ಣಿಗೆ ಮನಸ್ಸಿನ ತಳಮಳವೇ ಕಾರಣವಿರಬೇಕೆಂದರು. ಅಷ್ಟರ ಮಟ್ಟಿಗೆ ಅದೊಂದು ಊಹೆ. ಊಹೆ ಬೆಳೆಯಿತು. ಷಿಕಾಗೋದ ಮನೋವಿಶ್ಲೇಷಕ ಫ್ರಾನ್ಝ್ ಅಲೆಕ್ಸಾಂಡರ್ 1950ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮನಸ್ಸಿನಿಂದ ಹುಟ್ಟುವ ದೇಹರೋಗಗಳ ಚರ್ಚೆ ಇದೆ. ಈ ಪಂಥದವರು ಎತ್ತಿ ಹೇಳುತ್ತಿದ್ದ ಏಳು ಕಾಯಿಲೆಗಳ ಸಾಲಿನಲ್ಲಿ ಆಸ್ತಮಾ, ರಕ್ತದೊತ್ತಡಗಳ ಜೊತೆಗೆ ದೊಡ್ಡಕರುಳಿನ ಹುಣ್ಣೂ ಸೇರಿತು. ನ್ಯೂಯಾರ್ಕಿನಲ್ಲಿ ಈ ಕಾಯಿಲೆಯ ಮಕ್ಕಳನ್ನು ಮನೋವಿಶ್ಲೇಷಣೆಗೆ ಒಳಪಡಿಸಿದ ಮೆಲಿಟಾ ಸ್ಪರ್ಲಿಂಗ್ 1946ರಲ್ಲಿ ಬರೆದ ಲೇಖನದಲ್ಲಿ ರೋಗದ ಬೇರನ್ನು ತಾಯಿ–ಮಗುವಿನ ಸಂಬಂಧದಲ್ಲೇ ಹುಡುಕಿದರು. ಆಕೆಯೂ ಒಬ್ಬ ಹೆಂಗಸೇ. 1955ರಲ್ಲಿ ಜಾರ್ಜ್ ಎಂಗೆಲ್ ಎಂಬ ದೊಡ್ಡ ಹೆಸರಿನ ವೈದ್ಯರು ಅದುವರೆಗಿನದನ್ನೆಲ್ಲ ಒಟ್ಟು ಮಾಡಿ ಬರೆದಾಗ ರೋಗಿಯ ತಾಯಿ ಹಿಡಿತ ಬಿಡದವಳು, ಮಗುವನ್ನು ತನ್ನ ಅಂಕೆಯಲ್ಲಿಡುವವಳು ಎಂಬ ಚಿತ್ರ ಗಟ್ಟಿಯಾಗಿಬಿಟ್ಟಿತ್ತು.

ಸ್ವಲ್ಪ ಯೋಚಿಸಿ. ಮಗು ದಿನಕ್ಕೆ ಹತ್ತು ಸಲ ರಕ್ತ ಹೋಗುತ್ತಿದೆ. ತಾಯಿ ಏನು ಮಾಡಬೇಕು? ಏನು ತಿಂದೆ, ಎಷ್ಟು ಸಲ ಹೋದೆ, ಬಣ್ಣ ಹೇಗಿತ್ತು ಎಂದು ಕೇಳುತ್ತಾಳೆ. ಹೊರಗಿನ ತಿಂಡಿ ಬೇಡ ಎನ್ನುತ್ತಾಳೆ. ರಾತ್ರಿ ಪಕ್ಕದಲ್ಲೇ ಮಲಗುತ್ತಾಳೆ. ಅಂಥವಳನ್ನು ಕುರ್ಚಿಯಲ್ಲಿ ಕೂರಿಸಿ ನೋಡಿದರೆ ಹಿಡಿತ ಬಿಡದವಳಂತೆಯೇ ಕಾಣುತ್ತಾಳೆ. ರೋಗ ತಂದ ನಡವಳಿಕೆಯನ್ನೇ ರೋಗದ ಮೂಲವೆಂದು ಬರೆದುಕೊಂಡರು. ಎಸ್.ಎಸ್.ಎಲ್.ಸಿ. ಮಕ್ಕಳು ಉತ್ತರಪತ್ರಿಕೆಯಲ್ಲಿ ಕಾರಣ ಮತ್ತು ಪರಿಣಾಮಗಳನ್ನು ಅದಲು ಬದಲು ಬರೆದರೆ ನಾವು ಅರ್ಧ ಅಂಕ ಕಳೆಯುತ್ತೇವೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮ್ಮ ಹಳ್ಳಿಯವರದು ಎಂದುಕೊಂಡಿದ್ದೆ. 1990ರಲ್ಲಿ ಕೆರೊಲ್ ನಾರ್ತ್ ಎಂಬ ಅಮೆರಿಕದ ಮನೋವೈದ್ಯೆ ಮತ್ತು ಜೊತೆಗಾರರು ಕುಳಿತು, ಈ ಹುಣ್ಣಿಗೂ ಮನಸ್ಸಿಗೂ ಗಂಟು ಹಾಕಿದ 138 ಅಧ್ಯಯನಗಳನ್ನು ಒಂದೊಂದಾಗಿ ತೂಗಿದರು. ಹೆಚ್ಚಿನವಲ್ಲಿ ಹೋಲಿಸಿ ನೋಡಲು ಆರೋಗ್ಯವಂತರ ಗುಂಪೇ ಇರಲಿಲ್ಲ. ಕ್ರಮಬದ್ಧವಾಗಿ ಮಾಡಿದ ಏಳು ಮಾತ್ರ ಉಳಿದವು. ಆ ಏಳರಲ್ಲಿ ಅಂಥ ಸಂಬಂಧ ಕಾಣಲೇ ಇಲ್ಲ. ಅರವತ್ತು ವರ್ಷ! ಆ ಅರವತ್ತು ವರ್ಷದಲ್ಲಿ ಕುರ್ಚಿಯಲ್ಲಿ ಕೂತು ತಲೆತಗ್ಗಿಸಿದ ತಾಯಂದಿರಲ್ಲಿ ಎಷ್ಟೋ ಮಂದಿ ಆ ಲೇಖನ ಓದಲು ಬದುಕಿರಲಿಲ್ಲ.

ಅದೇ ಕಾಲದಲ್ಲಿ ಬೇರೆ ಬಗೆಯ ಜನವೂ ಇದ್ದರು. ಸ್ವೀಡನ್ನಿನ ನನ್ನಾ ಸ್ವಾರ್ಟ್ಸ್ 1937ರಲ್ಲಿ ಆ ದೇಶದ ಸರ್ಕಾರಿ ವಿಶ್ವವಿದ್ಯಾನಿಲಯದ ಮೊದಲ ಮಹಿಳಾ ಪ್ರಾಧ್ಯಾಪಕಿಯಾದವರು. ಕೀಲುನೋವಿಗೆಂದು ಸಲ್ಫಾ ಔಷಧಿಯನ್ನೂ ಆಸ್ಪಿರಿನ್ ಜಾತಿಯ ಇನ್ನೊಂದನ್ನೂ ಜೋಡಿಸಿದರು. ಕೀಲಿಗಿಂತ ದೊಡ್ಡಕರುಳಿನ ಹುಣ್ಣಿಗೆ ಅದು ಚೆನ್ನಾಗಿ ಹಿಡಿಯಿತು; 1942ರಲ್ಲಿ ಪ್ರಕಟವಾದ ಆ ಔಷಧಿ ಸ್ಯಾಲಜೋಪೈರಿನ್ ಎಂಬ ಹೆಸರಿನಲ್ಲಿ ಲೋಕವೆಲ್ಲ ಹಬ್ಬಿತು. ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಇಬ್ಬರು 210 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಟಿಸೋನ್, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಗುಳಿಗೆ ಕೊಟ್ಟು ನೋಡಿ, 1955ರಲ್ಲಿ ಫಲಿತಾಂಶ ಬರೆದರು. ಕಾರ್ಟಿಸೋನ್ ತೆಗೆದುಕೊಂಡವರು ಹೆಚ್ಚು ಮಂದಿ ಗುಣಮುಖರಾದರು. ಎಂಗೆಲ್ ಅವರ ಬರಹವೂ ಇದೂ ಒಂದೇ ವರ್ಷದವು. ಒಂದು ಕಡೆ ತಾಯಿಯ ಸ್ವಭಾವದ ವಿಚಾರಣೆ, ಇನ್ನೊಂದು ಕಡೆ ಗುಳಿಗೆಯ ವಿಚಾರಣೆ.

ತಾಯಿಯ ಮಾತನ್ನು ಕಿವಿಗೊಟ್ಟು ಕೇಳಿದ ಒಬ್ಬರ ಕಥೆಯೂ ಇದೆ. ಕಾಯಿಲೆ ಬೇರೆ, ಆದರೆ ನೆರೆಮನೆಯದೇ. ಭೇದಿಯಿಂದ ಸೊರಗುವ ಮಗುವನ್ನು ನೋಡಿದ ವೈದ್ಯರು ಕರುಳುಬೇನೆಯ ಜೊತೆಗೆ ಇದನ್ನೂ ಸಂಶಯಿಸಿ ರಕ್ತಪರೀಕ್ಷೆ ಮಾಡಿಸುತ್ತಾರೆ, ನಮ್ಮವನಿಗೂ ಮಾಡಿಸಿದರು. ಸೀಲಿಯಾಕ್ ಕಾಯಿಲೆ ಎಂದು ಅದರ ಹೆಸರು. ಹಾಲೆಂಡಿನ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ವಿಲೆಮ್ ಡಿಕ್ಕೆ ಎಂಬ ವೈದ್ಯರಿದ್ದರು. 1930ರ ದಶಕದಲ್ಲಿ ಒಬ್ಬ ಎಳೆಯ ತಾಯಿ ಅವರಿಗೆ, ಬ್ರೆಡ್ಡು ಬಿಡಿಸಿದರೆ ಮಗುವಿನ ಮೈಮೇಲಿನ ಗುಳ್ಳೆ ಬೇಗ ಇಳಿಯುತ್ತದೆ ಎಂದು ಹೇಳಿದಳಂತೆ. ಅಂದು ಎಲ್ಲೆಡೆ ಆ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ನಡೆಯುತ್ತಿತ್ತು, ಗೋಧಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಡಿಕ್ಕೆ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರು. 1944–45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ಹಾಲೆಂಡಿನಲ್ಲಿ ಕ್ಷಾಮ ಬಿತ್ತು; ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದರು. ಊರೆಲ್ಲ ಉಪವಾಸವಿರುವಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಡಿಕ್ಕೆ ಗೋಧಿಯೇ ಅಪರಾಧಿ ಎಂದು ಸಾಧಿಸಿದರು. ಆ ತಾಯಿಯ ಹೆಸರು ನಾನು ಓದಿದ ಯಾವ ಬರಹದಲ್ಲೂ ಇಲ್ಲ.

ನನ್ನ ಮಗಳೂ ಒಂದು ನೋಟ್‌ಪುಸ್ತಕ ಇಟ್ಟಿದ್ದಾಳೆ. ಇನ್ನೂರು ಪುಟದ ಉದ್ದಗೆರೆಯ ಪುಸ್ತಕ. ತಾರೀಖು, ತಿಂದದ್ದು, ಹೊರಗೆ ಹೋದ ಸಲ, ರಕ್ತ ಇತ್ತೇ ಇಲ್ಲವೇ, ರಾತ್ರಿ ಎದ್ದನೇ, ಜ್ವರ. ಮೊದಲು ತೋರಿಸಿದ ಕಡೆ ಒಬ್ಬರು ಅದನ್ನು ತೆರೆದೂ ನೋಡದೆ, ‘ನೀವು ತುಂಬಾ ಟೆನ್ಷನ್ ಮಾಡಿಕೊಳ್ಳುತ್ತೀರಿ, ಅದು ಮಗುವಿಗೆ ಹತ್ತುತ್ತದೆ’ ಎಂದರು. ಷಿಕಾಗೋದ ಹೆಸರನ್ನೂ ಕೇಳಿರಲಾರದವರು. ಈಗಿನ ವೈದ್ಯರು ಪುಟ ತಿರುಗಿಸಿ, ರಾತ್ರಿ ಎದ್ದ ದಿನಗಳನ್ನು ಎಣಿಸಿದರು. ನಿದ್ದೆಯಿಂದ ಎಬ್ಬಿಸುವ ಭೇದಿಯನ್ನು ಸುಮ್ಮನೆ ಬಿಡುವ ಹಾಗಿಲ್ಲ ಎಂದು ಕೊಳವೆ ಪರೀಕ್ಷೆಗೆ ಬರೆದದ್ದು ಆಮೇಲೆ.

ಆಸ್ಪತ್ರೆಯಲ್ಲಿ ತಾಯಿ ಮಗುವಿನ ಮಂಚದ ಕೆಳಗೆ ಚಾಪೆ ಹಾಸಿ ಮಲಗುವುದು ನಮಗೆ ಸಹಜ. ಆದರೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಬಹುಕಾಲ ತಂದೆತಾಯಿಗೆ ಭೇಟಿಯ ಗಂಟೆಗಳಲ್ಲಿ ಮಾತ್ರ ಪ್ರವೇಶ. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ಸುಮ್ಮನಿರುತ್ತದೆ ಎಂಬುದು ತರ್ಕ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಮಗುವಿನ ಮೇಲೆ ಒಂದು ಚಲನಚಿತ್ರ ತೆಗೆದು, ಆ ಸುಮ್ಮನಿರುವಿಕೆ ಎಂಥದೆಂದು ತೋರಿಸಿದರು. 1959ರ ಪ್ಲಾಟ್ ವರದಿ ತಂದೆತಾಯಿಗೆ ಬಾಗಿಲು ತೆರೆಯಿರಿ ಎಂದಿತು. ಒಂದು ಸರ್ಕಾರಿ ಸಮಿತಿಯನ್ನು ಕೂರಿಸಿ ತಿಳಿಯಬೇಕಾದ ವಿಷಯವೇ ಅದು ಎಂದು ನನ್ನ ತಾಯಿ ಇದ್ದಿದ್ದರೆ ಕೇಳುತ್ತಿದ್ದರು.

ಅಮೆರಿಕದಲ್ಲಿ ತಂದೆತಾಯಿಗಳು ತಾವೇ ಎದ್ದು ನಿಂತದ್ದು 1967ರಲ್ಲಿ. ನ್ಯೂಯಾರ್ಕಿನ ವಿಲಿಯಂ ಮತ್ತು ಶೆಲ್ಬಿ ಮೋಡೆಲ್ ದಂಪತಿಗಳ ಮಗ ಮೈಕೆಲ್‌ಗೆ ಕ್ರೋನ್ಸ್ ಇತ್ತು. ಸುಝಾನ್ ರೋಸೆಂತಾಲ್ ಎಂಬಾಕೆಗೆ ಸ್ವತಃ ಕಾಯಿಲೆ. ಈ ಎರಡು ದಂಪತಿಗಳೂ ಮೌಂಟ್ ಸೈನಾಯ್‌ನ ವೈದ್ಯ ಹೆನ್ರಿ ಜಾನೊವಿಟ್ಸ್ ಅವರೂ ಸೇರಿ ಈ ಬೇನೆಗಳಿಗೆಂದೇ ಒಂದು ರಾಷ್ಟ್ರೀಯ ಪ್ರತಿಷ್ಠಾನ ಹುಟ್ಟುಹಾಕಿದರು. ಮಲದ ಮಾತನ್ನು ಊಟದ ಮನೆಯಲ್ಲಿ ಎತ್ತದವರು ನಾವಷ್ಟೇ ಅಲ್ಲ, ಅವರೂ ಹಾಗೆಯೇ. ಆ ಸಂಕೋಚವನ್ನು ಮೀರಿ ಸಂಶೋಧನೆಗೆ ಹಣ ಎತ್ತಿದರು. ಅಂಗಡಿಯ ವ್ಯಾಪಾರ ಮಾಡುತ್ತಿದ್ದ ಕುಟುಂಬ ಅದು. ಮೈಕೆಲ್ ದೊಡ್ಡವನಾಗಿ ಆ ವ್ಯಾಪಾರವನ್ನೇ ನಡೆಸಿದ. 2001ರಲ್ಲಿ ಅದೇ ಕಾಯಿಲೆಯ ಕಾರಣದಿಂದ ತೀರಿಕೊಂಡ. ಇದನ್ನು ಮಗಳಿಗೆ ಹೇಳಲಿಲ್ಲ. ಇಲ್ಲಿ ಬರೆದರೆ ಓದುತ್ತಾಳೆ, ಓದಲಿ. ಆ ವರ್ಷಕ್ಕೂ ಈ ವರ್ಷಕ್ಕೂ ನಡುವೆ ಏನೇನಾಯಿತು ಎಂಬುದನ್ನೂ ಓದಲಿ.

1984ರಲ್ಲಿ ಲಂಡನ್ನಿನ ಹ್ಯಾರೋದಲ್ಲಿ ಓಮೊರೇನ್ ಮತ್ತು ಸಂಗಡಿಗರು 21 ರೋಗಿಗಳಲ್ಲಿ, ಬರೀ ದ್ರವಾಹಾರವೂ ಸ್ಟೆರಾಯ್ಡ್‌ನಷ್ಟೇ ಚೆನ್ನಾಗಿ ಕ್ರೋನ್ಸ್‌ನ ಉರಿಯನ್ನು ಆರಿಸಬಲ್ಲದೆಂದು ತೋರಿಸಿದರು. 1987ರಲ್ಲಿ ಲಂಡನ್ನಿನಲ್ಲೇ ಮಕ್ಕಳ ಮೇಲೆ ಅದನ್ನು ನೋಡಿದರು. ಸ್ಟೆರಾಯ್ಡ್ ಮಗುವಿನ ಬೆಳವಣಿಗೆಯನ್ನು ತಡೆಯುತ್ತದೆ, ದ್ರವಾಹಾರ ತಡೆಯುವುದಿಲ್ಲ. ಹೀಗಾಗಿ ಕ್ರೋನ್ಸ್ ಎಂದು ಖಚಿತವಾದ ಮಕ್ಕಳಿಗೆ ಇಂದು ಮೊದಲು ಸೂಚಿಸುವುದು ಇದನ್ನೇ. ಆರರಿಂದ ಎಂಟು ವಾರ ಅನ್ನವಿಲ್ಲ, ರೊಟ್ಟಿಯಿಲ್ಲ, ಒಂದು ಚೂರು ಹಪ್ಪಳವೂ ಇಲ್ಲ, ಬರೀ ಡಬ್ಬಿಯ ಹಾಲಿನಂಥ ಪೇಯ. ‘ಊಟ ಆಯ್ತಾ?’ ಎಂಬುದೇ ನಮಸ್ಕಾರವಾಗಿರುವ ನಮ್ಮ ಊರಿನಲ್ಲಿ ಇದನ್ನು ನಡೆಸುವುದು ಹೇಗೆ? ಅಳಿಯ ಈಗಲೇ ಹೇಳಿಬಿಟ್ಟಿದ್ದಾನೆ: ಆ ದಿನ ಬಂದರೆ ಮನೆಯಲ್ಲಿ ಒಗ್ಗರಣೆ ಹಾಕುವುದು ಬೇಡ, ದೊಡ್ಡವರು ಹೊರಗೆ ತಿಂದು ಬರೋಣ.

1993ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು ಬೇರಾವ ಔಷಧಿಗೂ ಬಗ್ಗದ ಕ್ರೋನ್ಸ್ ಇದ್ದ ಒಬ್ಬ ಹುಡುಗಿಗೆ ಉರಿಯೂತದ ಸಂದೇಶವನ್ನೇ ತಡೆಯುವ ಹೊಸ ಪ್ರತಿಕಾಯವನ್ನು ಕೊಟ್ಟ ವಿವರ ಬರೆದರು. ಹುಡುಗಿ ಎದ್ದು ಕುಳಿತಳು. ಕೆಲವು ತಿಂಗಳು ಚೆನ್ನಾಗಿದ್ದಳು. ಅದೇ ಇನ್‌ಫ್ಲಿಕ್ಸಿಮ್ಯಾಬ್. ಅಮೆರಿಕದಲ್ಲಿ 1998ರಲ್ಲಿ ದೊಡ್ಡವರ ಕ್ರೋನ್ಸ್‌ಗೆ, 2006ರಲ್ಲಿ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. ನಮ್ಮ ಊರುಗಳಲ್ಲೂ ಅದು ಈಗ ಸಿಗುತ್ತದೆ. ಬೆಲೆಯ ಮಾತು ಬೇರೆ. ಮತ್ತು ಅದನ್ನು ಕೊಡುವ ಮುಂಚೆ ಕೇಳುವ ಮೊದಲ ಪ್ರಶ್ನೆ ಪುನಃ ಅದೇ: ಕ್ಷಯ ಇಲ್ಲವಷ್ಟೆ?

ಓದಿದ್ದರಲ್ಲಿ ನನ್ನ ಕಸುಬಿಗೆ ನೇರವಾಗಿ ತಾಗಿದ್ದು ಎತ್ತರದ ವಿಷಯ. ಕ್ರೋನ್ಸ್ ಇರುವ ಮಕ್ಕಳಲ್ಲಿ ಕೆಲವರಿಗೆ ಭೇದಿ, ಹೊಟ್ಟೆನೋವಿಗಿಂತ ಮೊದಲೇ ಬೆಳವಣಿಗೆ ನಿಧಾನವಾಗುತ್ತದಂತೆ. ಶಾಲೆಯಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿ ನಾವು ಎತ್ತರ, ತೂಕ ಬರೆಯುತ್ತೇವೆ. ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲಿಟ್ಟು ನೋಡುವ ಪದ್ಧತಿ ಇಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಗಿಡ್ಡವರು ಮುಂದೆ, ಉದ್ದವರು ಹಿಂದೆ. ಪ್ರತಿ ಜೂನಿನಲ್ಲಿ ಮಕ್ಕಳು ತಾವಾಗಿಯೇ ಜಾಗ ಬದಲಿಸಿಕೊಳ್ಳುತ್ತಾರೆ. ನಡುವಿನಲ್ಲಿದ್ದವನು ಎರಡು ವರ್ಷದಲ್ಲಿ ಮುಂದಕ್ಕೆ ಬಂದು ನಿಂತರೆ ಅವನ ಹೊಟ್ಟೆಯ ಮಾತು ಕೇಳಬೇಕೆಂದು ಈಗ ನಮ್ಮ ಪಿ.ಟಿ. ಮೇಷ್ಟರಿಗೂ ಹೇಳಿದ್ದೇನೆ.

ಇನ್ನೊಂದು ಶೌಚಾಲಯದ ಬೀಗ. ಮೊಮ್ಮಗ ಹೋಗುತ್ತಿದ್ದ ಶಿಶುವಿಹಾರದಲ್ಲಿ ಬಿಡುವಿನ ವೇಳೆ ಬಿಟ್ಟು ಉಳಿದ ಹೊತ್ತು ಅದಕ್ಕೆ ಬೀಗ ಹಾಕುತ್ತಿದ್ದರು. ಎರಡು ಸಲ ಅವನು ಬಟ್ಟೆಯಲ್ಲೇ ಮಾಡಿಕೊಂಡ. ಮೂರನೆಯ ಸಲ ಶಾಲೆಗೇ ಹೋಗುವುದಿಲ್ಲ ಎಂದ. ಈ ಬೇನೆಯ ಮಗುವಿಗೆ ಬಂತು ಎಂದ ಮೇಲೆ ಎರಡು ನಿಮಿಷವೂ ತಡೆಯಲು ಆಗುವುದಿಲ್ಲ, ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ನಮ್ಮ ಶಾಲೆಯ ಬೀಗದ ಕೈ ಹೆಡ್‌ಮಾಸ್ಟರ ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು. ಅವರನ್ನು ಒಪ್ಪಿಸಿ, ಈಗ ಸ್ಟಾಫ್‌ರೂಮಿನ ಬಾಗಿಲ ಹೊರಗೆ, ಐದನೆಯ ತರಗತಿಯ ಮಕ್ಕಳ ಕೈಗೂ ಎಟುಕುವ ಎತ್ತರದಲ್ಲಿ ಒಂದು ಮೊಳೆ ಹೊಡೆಸಿ ಅದಕ್ಕೆ ತಗುಲಿ ಹಾಕಿದ್ದೇವೆ. ಹದಿನೈದು ದಿನಕ್ಕೊಮ್ಮೆ ಕಳೆದುಹೋಗುತ್ತದೆ. ಜವಾನ ಗೊಣಗಿಕೊಂಡು ಇನ್ನೊಂದು ಮಾಡಿಸಿಕೊಂಡು ಬರುತ್ತಾನೆ.